ಬುಮ್ರಾಗೆ ಬಿಡುವು, ಕಾಮಾಕ್ಷಿಪಾಳ್ಯದ ಹುಡುಗರಿಗೆ ಓಟಿ: ದಣಿವಿನ ವಿಜ್ಞಾನ ಯಾರ ಪಾಲಿಗೆ?

2025ರ ಬೇಸಿಗೆಯಲ್ಲಿ ಭಾರತ ಕ್ರಿಕೆಟ್ ತಂಡ ಇಂಗ್ಲೆಂಡಿಗೆ ಹೊರಡುವ ಮೊದಲೇ ಒಂದು ವಿಷಯ ತೀರ್ಮಾನವಾಗಿತ್ತು. ಜಸ್‌ಪ್ರೀತ್ ಬುಮ್ರಾ ಐದೂ ಟೆಸ್ಟ್ ಆಡುವುದಿಲ್ಲ. ಕೊನೆಗೆ ಆಡಿದ್ದು ಮೂರು: ಲೀಡ್ಸ್, ಲಾರ್ಡ್ಸ್, ಮ್ಯಾಂಚೆಸ್ಟರ್. 'ವರ್ಕ್‌ಲೋಡ್ ಮ್ಯಾನೇಜ್‌ಮೆಂಟ್' ಅನ್ನೋ ಮಾತು ಆಗ ಎಲ್ಲರ ಬಾಯಲ್ಲೂ ಓಡಾಡಿತು. ಇದೇನು ನಾಜೂಕು ಅಂತ ಹಲವರು ಬೈದರು. ಸುನಿಲ್ ಗವಾಸ್ಕರ್ ಅವರಂತೂ ಈ ಪದವೇ ಭಾರತೀಯ ಕ್ರಿಕೆಟ್ಟಿನ ನಿಘಂಟಿನಿಂದ ಹೋಗಬೇಕು ಎಂದರು, ಗಡಿ ಕಾಯುವ ಸೈನಿಕರನ್ನು ನೆನಪಿಸಿದರು.

ಆದರೆ ಆ ತೀರ್ಮಾನದ ಹಿಂದೆ ಒಂದು ಲೆಕ್ಕವಿತ್ತು. ಅದಕ್ಕೆ ಸ್ವಲ್ಪ ಮೊದಲು ಆಸ್ಟ್ರೇಲಿಯಾ ಸರಣಿಯಲ್ಲಿ ಬುಮ್ರಾ 150ಕ್ಕೂ ಹೆಚ್ಚು ಓವರ್ ಎಸೆದು 32 ವಿಕೆಟ್ ಕಿತ್ತಿದ್ದರು. ಕೊನೆಯ ಸಿಡ್ನಿ ಟೆಸ್ಟ್‌ನಲ್ಲಿ ಬೆನ್ನು ಕೈಕೊಟ್ಟಿತು, ಚಾಂಪಿಯನ್ಸ್ ಟ್ರೋಫಿ ತಪ್ಪಿತು. ಅದೇ ಬೆನ್ನಿನ ನೋವಿಗೆ 2022ರ ಟಿ20 ವಿಶ್ವಕಪ್ ತಪ್ಪಿತ್ತು, 2023ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನಲ್ಲಿ ಶಸ್ತ್ರಚಿಕಿತ್ಸೆ ಆಗಿತ್ತು. ಆಮೇಲೆ ತಿಂಗಳುಗಟ್ಟಲೆ ಚೇತರಿಕೆಯ ಕೆಲಸ ನಡೆದಿದ್ದು ನಮ್ಮ ಬೆಂಗಳೂರಿನಲ್ಲೇ, ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ. ಒಬ್ಬ ಮನುಷ್ಯನ ಬೆನ್ನುಮೂಳೆ ಎಷ್ಟು ಹೊರಬಲ್ಲದು, ಎಷ್ಟು ದಿನದಲ್ಲಿ ಸುಧಾರಿಸಿಕೊಳ್ಳಬಲ್ಲದು ಎಂದು ಲೆಕ್ಕ ಹಾಕಲು ಅಲ್ಲಿ ಜನರಿದ್ದಾರೆ, ಯಂತ್ರಗಳಿವೆ, ಹಣವಿದೆ. ಇದು ತಪ್ಪಲ್ಲ. ಹೀಗೇ ಇರಬೇಕು.

ಈಗ ಮಾಗಡಿ ರಸ್ತೆಗೆ ಬನ್ನಿ. ಕಾಮಾಕ್ಷಿಪಾಳ್ಯದ ಕೈಗಾರಿಕಾ ಗಲ್ಲಿಗಳಲ್ಲಿ ಲೇತ್ ಮುಂದೆ ನಿಂತವರು, ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಕುಕ್ಕರುಗಾಲಲ್ಲಿ ಕೂತು ವೆಲ್ಡಿಂಗ್ ಮಾಡೋರು, ಪೌಡರ್ ಕೋಟಿಂಗ್ ಓವನ್ ಪಕ್ಕ ಬೇಯೋರು, ಗಾರ್ಮೆಂಟ್ಸ್‌ನಲ್ಲಿ ಬಗ್ಗಿಸಿದ ಕತ್ತು ಎತ್ತದ ಹೆಣ್ಣುಮಕ್ಕಳು, ಗೂಡ್ಸ್ ಆಟೋಗೆ ಲೋಡ್ ಹಾಕೋ ಹುಡುಗರು. ಇವರ ಬೆನ್ನು, ಮಂಡಿ, ಭುಜ ಎಲ್ಲವೂ ಬುಮ್ರಾಗೆ ಇರುವಂಥದ್ದೇ ಮೂಳೆ, ಸ್ನಾಯು, ರಜ್ಜುಗಳಿಂದ ಆಗಿವೆ. ಇವರ ವರ್ಕ್‌ಲೋಡ್ ಮ್ಯಾನೇಜ್ ಮಾಡೋರು ಯಾರು? ಕ್ರೀಡಾ ವಿಜ್ಞಾನ ಕಳೆದ ಕೆಲವು ದಶಕಗಳಲ್ಲಿ ಕಂಡುಕೊಂಡಿದ್ದನ್ನು ಅರ್ಥ ಮಾಡಿಕೊಂಡರೆ, ಈ ಪ್ರಶ್ನೆ ಆರೋಗ್ಯ ಪುಟದ್ದಲ್ಲ, ರಾಜಕೀಯದ್ದು ಅನ್ನೋದು ಗೊತ್ತಾಗುತ್ತೆ.

ಬಲ ಬರುವುದು ಬಿಡುವಿನಲ್ಲಿ

ಮೊದಲು ಮೂಲ ಸಂಗತಿ. ಡಂಬೆಲ್ ಎತ್ತುವಾಗ ಸ್ನಾಯು ಬೆಳೆಯುವುದಿಲ್ಲ. ಎತ್ತಿ ಇಳಿಸಿ, ಮನೆಗೆ ಹೋಗಿ, ಉಂಡು ಮಲಗಿದ ಮೇಲೆ ಬೆಳೆಯುತ್ತದೆ. ಭಾರ ಹೊತ್ತಾಗ ಸ್ನಾಯುವಿನ ಎಳೆಗಳಲ್ಲಿ ಸಣ್ಣ ಸಣ್ಣ ಹಾನಿಯಾಗುತ್ತದೆ, ಅದರ ಪ್ರೋಟೀನು ಕರಗುತ್ತದೆ. ಆಮೇಲಿನ 24ರಿಂದ 48 ಗಂಟೆಗಳಲ್ಲಿ ದೇಹ ಅದನ್ನು ಮತ್ತೆ ಕಟ್ಟುತ್ತದೆ, ಮೊದಲಿಗಿಂತ ತುಸು ಗಟ್ಟಿಯಾಗಿ. ಭಾರ ಅನ್ನೋದು ಬರೀ ಆರ್ಡರ್. ಮಾಲು ತಯಾರಾಗೋದು ವಿಶ್ರಾಂತಿಯಲ್ಲಿ.

ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುಗಳದ್ದು ಇನ್ನೂ ನಿಧಾನ. ಡೆನ್ಮಾರ್ಕಿನ ಸಂಶೋಧಕರು ತೋರಿಸಿದ ಹಾಗೆ, ಜೋರು ಕೆಲಸದ ನಂತರದ ಮೊದಲ 24ರಿಂದ 36 ಗಂಟೆ ರಜ್ಜುವಿನಲ್ಲಿ ಕಟ್ಟುವುದಕ್ಕಿಂತ ಕಳೆಯುವುದೇ ಹೆಚ್ಚು. ಆಮೇಲಷ್ಟೇ ಲೆಕ್ಕ ಲಾಭಕ್ಕೆ ತಿರುಗುತ್ತದೆ. ಆ ಲಾಭ ಬರುವ ಮೊದಲೇ ದಿನಾ ಅದೇ ಭಾರ, ಅದೇ ಭಂಗಿ, ಅದೇ ಸಾವಿರ ಸಲದ ಎಳೆತ ಬಿದ್ದರೆ? ನಷ್ಟದ ಮೇಲೆ ನಷ್ಟ. ಮೊಣಕೈ, ಭುಜ, ಹಿಮ್ಮಡಿಯಲ್ಲಿ ತಿಂಗಳುಗಟ್ಟಲೆ ಹೋಗದ ನೋವು ಶುರುವಾಗೋದು ಹೀಗೆ. ಮೂಳೆ ತನ್ನನ್ನು ತಾನು ಸವೆಸಿ ಕಟ್ಟಿಕೊಳ್ಳುವ ಒಂದು ಸುತ್ತಿಗಂತೂ ತಿಂಗಳುಗಳೇ ಬೇಕು. ಬುಮ್ರಾ ಬೆನ್ನಿನಂಥ ಗಾಯ ಒಂದು ಚೆಂಡಿಗೆ ಆಗುವುದಿಲ್ಲ, ಅದು ಸಾಲ ಬೆಳೆದ ಹಾಗೆ ಬೆಳೆಯುತ್ತದೆ.

ಈ ಸಾಲಕ್ಕೆ ಇನ್ನೊಂದು ಗುಣವಿದೆ. ಬಿಲ್ಲು ತಡವಾಗಿ ಬರುತ್ತದೆ. ವೇಗದ ಬೌಲರ್‌ಗಳ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಹಿಂದಿನ ನಾಲ್ಕು ವಾರಗಳ ಸರಾಸರಿಗೆ ಹೋಲಿಸಿ ಒಂದೇ ವಾರದಲ್ಲಿ ದಿಢೀರನೆ ಬೌಲಿಂಗ್ ಹೆಚ್ಚಾದರೆ ಏನಾಗುತ್ತದೆ ಅಂತ ನೋಡಿತು. ಗಾಯದ ಅಪಾಯ ಏರಿದ್ದು ಮುಂದಿನ ವಾರ. ಈ ಲೆಕ್ಕವನ್ನು ಒಂದೇ ಅನುಪಾತಕ್ಕೆ ಇಳಿಸಿ ಭವಿಷ್ಯ ಹೇಳುವ ಪದ್ಧತಿಯ ಬಗ್ಗೆ ಸಂಖ್ಯಾಶಾಸ್ತ್ರ ಬಲ್ಲವರು ಆಮೇಲೆ ಕಟುವಾಗಿ ಟೀಕಿಸಿದ್ದಾರೆ, ಅದು ನ್ಯಾಯವೇ. ಆದರೆ ರೂಢಿಯಿಲ್ಲದ ಭಾರವನ್ನು ಏಕಾಏಕಿ ಹೇರಬೇಡಿ ಅನ್ನೋ ತಿಳಿವಳಿಕೆ ಉಳಿದುಕೊಂಡಿದೆ. 'ನಿನ್ನೆ ಏನೂ ಆಗ್ಲಿಲ್ವಲ್ಲ' ಎಂಬ ಮಾತು ದೇಹದ ವಿಷಯದಲ್ಲಿ ಸಾಕ್ಷಿಯಾಗಿ ನಿಲ್ಲುವುದಿಲ್ಲ.

ಕಾಮಾಕ್ಷಿಪಾಳ್ಯದಿಂದ ಕೆಲವೇ ಕಿಲೋಮೀಟರ್ ದೂರ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವಿದೆ. ದೇಶದ ಹಾಕಿ ತಂಡಗಳ ಶಿಬಿರ ನಡೆಯುವುದು ಅಲ್ಲೇ. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರು 41 ವರ್ಷಗಳ ನಂತರ ಪದಕ ತಂದರು, ಮಹಿಳೆಯರು ನಾಲ್ಕನೇ ಸ್ಥಾನಕ್ಕೆ ಏರಿದರು. ಮಹಿಳಾ ತಂಡದ ದಮ್ಮಿನ ಹಿಂದೆ ದಕ್ಷಿಣ ಆಫ್ರಿಕಾದ ವಿಜ್ಞಾನ ಸಲಹೆಗಾರ ವೇಯ್ನ್ ಲೊಂಬಾರ್ಡ್ ಅವರ ಹೆಸರು ಬಹಳ ಕೇಳಿಬಂತು. ಆಟಗಾರರು ತೊಡುವ ಜಿಪಿಎಸ್ ಒಳಅಂಗಿ ಯಾರು ಎಷ್ಟು ಓಡಿದರು, ಎಷ್ಟು ಸಲ ಪೂರ್ತಿ ವೇಗದಲ್ಲಿ ಓಡಿದರು ಎಂದು ಬರೆದಿಡುತ್ತದೆ. ನಾಳಿನ ಅಭ್ಯಾಸ ಎಷ್ಟಿರಬೇಕು ಅನ್ನೋದಕ್ಕೆ ಇವತ್ತಿನ ದಣಿವೂ ಒಂದು ಲೆಕ್ಕ. ಅದೇ ಊರಿನ ಅದೇ ಪಶ್ಚಿಮ ಭಾಗದಲ್ಲಿ, ನಾಳೆಯ ಕೆಲಸ ಎಷ್ಟು ಅನ್ನೋದನ್ನು ತೀರ್ಮಾನಿಸೋದು ಡಿಸ್ಪ್ಯಾಚ್ ತಾರೀಖು.

'ದಿನಾ ಮೈಮುರಿದು ದುಡೀತಾರೆ, ಅವರಿಗೇನು ಜಿಮ್ಮು?'

ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಮೈಮುರಿದು ದುಡಿಯುವವರು ಗಟ್ಟಿ, ಕೂತು ತಿನ್ನುವವರಿಗೇ ಕಾಯಿಲೆ ಅನ್ನೋ ನಂಬಿಕೆ. ಅರ್ಧ ನಿಜ. ಉಳಿದರ್ಧವನ್ನು ಸಂಶೋಧಕರು 'ದೈಹಿಕ ಚಟುವಟಿಕೆಯ ವಿರೋಧಾಭಾಸ' ಎಂದು ಕರೆಯುತ್ತಾರೆ.

2018ರಲ್ಲಿ 'ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್' ಪತ್ರಿಕೆ 17 ಅಧ್ಯಯನಗಳ, 1.93 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯನ್ನು ಪ್ರಕಟಿಸಿತು. ಕೆಲಸದಲ್ಲಿ ಹೆಚ್ಚು ದೈಹಿಕ ಶ್ರಮ ಪಡುವ ಗಂಡಸರಲ್ಲಿ, ಕಡಿಮೆ ಶ್ರಮದ ಕೆಲಸದವರಿಗಿಂತ ಅಕಾಲಿಕ ಸಾವಿನ ಅಪಾಯ ಶೇ. 18ರಷ್ಟು ಹೆಚ್ಚಿತ್ತು. ಹೆಂಗಸರಲ್ಲಿ ಈ ಏರಿಕೆ ಕಾಣಲಿಲ್ಲ. 2021ರಲ್ಲಿ ಕೋಪನ್‌ಹೇಗನ್‌ನ 1.04 ಲಕ್ಷ ಜನರ ಅಧ್ಯಯನ ಇನ್ನೂ ಸ್ಪಷ್ಟವಾಗಿ ಹೇಳಿತು: ಬಿಡುವಿನ ವೇಳೆಯಲ್ಲಿ ಮೈ ಬಗ್ಗಿಸಿದಷ್ಟೂ ಸಾವಿನ ಅಪಾಯ ಇಳಿಯಿತು. ಕೆಲಸದಲ್ಲಿ ಅತಿ ಹೆಚ್ಚು ಮೈ ಬಗ್ಗಿಸುವವರಲ್ಲಿ ಅದು ಶೇ. 27ರಷ್ಟು ಏರಿತು. ಅದೇ ಹೃದಯ, ಅದೇ ಕೈಕಾಲು, ಫಲಿತಾಂಶ ಮಾತ್ರ ತದ್ವಿರುದ್ಧ.

ಯಾಕೆ ಹೀಗೆ? ಡೆನ್ಮಾರ್ಕಿನ ಆಂಡ್ರಿಯಾಸ್ ಹೋಲ್ಟರ್‌ಮನ್ ಮತ್ತು ಸಂಗಡಿಗರು ಕೊಡುವ ಕಾರಣಗಳನ್ನು ನಮ್ಮ ಗಲ್ಲಿಗೆ ಹಚ್ಚಿ ನೋಡೋಣ. ಅರ್ಧ ಗಂಟೆ ಜೋರಾಗಿ ಓಡಿದರೆ ಹೃದಯಕ್ಕೆ ತರಬೇತಿ ಸಿಗುತ್ತದೆ. ಹತ್ತು ಗಂಟೆ ಲೇತ್ ಮುಂದೆ ನಿಂತರೆ ಆ ತೀವ್ರತೆ ಸಿಗುವುದಿಲ್ಲ, ದಣಿವು ಮಾತ್ರ ಸಿಗುತ್ತದೆ. ಓಟದ ನಂತರ ಎದೆಬಡಿತ, ರಕ್ತದೊತ್ತಡ ಕೆಳಗಿಳಿಯುತ್ತವೆ. ದಿನವಿಡೀ ಎತ್ತುವ, ಹೊರುವ ಕೆಲಸದಲ್ಲಿ ಅವು ಗಂಟೆಗಟ್ಟಲೆ ಏರಿಯೇ ಇರುತ್ತವೆ, ಕೆಲಸ ಬಿಟ್ಟ ಮೇಲೂ ಬೇಗ ಇಳಿಯುವುದಿಲ್ಲ. ಓಡುವವನಿಗೆ ಸುಸ್ತಾದರೆ ನಿಲ್ಲಬಹುದು. ಲೈನಿನಲ್ಲಿ ಕೂತವಳಿಗೆ ಟಾರ್ಗೆಟ್ ಮುಗಿಯೋ ತನಕ ನಿಲ್ಲೋಕಾಗಲ್ಲ. ಕೊನೆಯದಾಗಿ, ನಾಳೆ ಮತ್ತೆ ಅದೇ ಕೆಲಸ, ನಡುವೆ ಸಾಕಷ್ಟು ಬಿಡುವಿಲ್ಲ. ಅಂದರೆ ವ್ಯತ್ಯಾಸ ಇರೋದು ಬೆವರಿನ ಪ್ರಮಾಣದಲ್ಲಲ್ಲ, ಯಾವಾಗ ನಿಲ್ಲಬೇಕು ಅನ್ನೋ ಅಧಿಕಾರ ಯಾರ ಕೈಲಿದೆ ಅನ್ನೋದರಲ್ಲಿ.

ಇದಕ್ಕೆ ಎದುರು ಪುರಾವೆಯೂ ಇದೆ. ನಾರ್ವೆಯಲ್ಲಿ 4.37 ಲಕ್ಷ ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶ್ರಮದ ಕೆಲಸ ಮಾಡುವ ಗಂಡಸರ ಆಯಸ್ಸು ಕಡಿಮೆಯೇನೂ ಆಗಿರಲಿಲ್ಲ, ಬದಲಿಗೆ ತುಸು ಹೆಚ್ಚೇ ಇತ್ತು. ಕೆಲಸದ ಶ್ರಮ ಯಾವುದು, ಬಡತನ ಯಾವುದು, ಬೀಡಿ ಸಿಗರೇಟು ಯಾವುದು ಎಂದು ಬಿಡಿಸುವುದು ಕಷ್ಟ, ಸಂಶೋಧಕರ ಜಗಳ ಮುಗಿದಿಲ್ಲ. ಆದರೆ ಒಂದನ್ನು ಗಮನಿಸಿ. ಇವೆಲ್ಲ ಹೆಚ್ಚಾಗಿ ಶ್ರೀಮಂತ ದೇಶಗಳ ಮಾಹಿತಿ. ಡೆನ್ಮಾರ್ಕಿನಲ್ಲಿ ವಾರದ ಕೆಲಸ ಸಾಮಾನ್ಯವಾಗಿ 37 ಗಂಟೆ, ಜೊತೆಗೆ ಸಂಬಳಸಹಿತ ರಜೆ, ಸರ್ಕಾರಿ ವೈದ್ಯಕೀಯ ವ್ಯವಸ್ಥೆ. ಅಷ್ಟಿದ್ದೂ ಅಲ್ಲಿ ಈ ಪ್ರಶ್ನೆ ಎದ್ದಿದೆ.

ಶ್ರಮದ ದೇಹ ಬೇರೆ, ಕ್ರೀಡೆಯ ತರಬೇತಿ ಬೇರೆ ಅನ್ನೋದನ್ನು ಕರ್ನಾಟಕ 2020ರಲ್ಲಿ ಕಣ್ಣಾರೆ ಕಂಡಿತು. ಕಂಬಳದ ಓಟಗಾರ, ಕಟ್ಟಡ ಕಾರ್ಮಿಕ ಶ್ರೀನಿವಾಸ ಗೌಡ ಐಕಳದ ಕಂಬಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡ್ ಅಂದರು, ಉಸೇನ್ ಬೋಲ್ಟ್‌ಗಿಂತ ವೇಗ ಅಂದರು. ಆಗಿನ ಕೇಂದ್ರ ಕ್ರೀಡಾ ಸಚಿವರು ಬೆಂಗಳೂರಿನ ಕ್ರೀಡಾ ಪ್ರಾಧಿಕಾರದಲ್ಲಿ ಟ್ರಯಲ್‌ಗೆ ಕರೆದರು. ಗೌಡರು ಓಡಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಬೆರಳುಗಳ ಕೆಲಸ, ಕಂಬಳದಲ್ಲಿ ಕೋಣಗಳ ಪಾಲೂ ಇದೆ ಎಂದು ವಿವರಿಸಿದರು. ದೇಹ ಯಾವುದಕ್ಕೆ ಪಳಗಿದೆಯೋ ಅದಕ್ಕೇ ಸಿದ್ಧ, ಇನ್ನೊಂದಕ್ಕೆ ಪಳಗಿಸಲು ಸಮಯ ಬೇಕು ಅನ್ನೋ ಪಠ್ಯಪುಸ್ತಕದ ನಿಯಮವನ್ನು ಅವರು ಎರಡು ವಾಕ್ಯದಲ್ಲಿ ಹೇಳಿದ್ದರು. ದೇಶಕ್ಕೆ ಬೇಕಿದ್ದದ್ದು ಒಂದು ಪವಾಡ. ಅವರ ಬಳಿ ಇದ್ದದ್ದು ತನ್ನ ದೇಹದ ಬಗೆಗಿನ ನಿಖರ ತಿಳಿವಳಿಕೆ.

ಈ ವಿಜ್ಞಾನ ಶುರುವಾಗಿದ್ದು ಮೈದಾನದಲ್ಲಲ್ಲ

ದಣಿವನ್ನು ಅಳೆಯುವ ವಿಜ್ಞಾನದ ಬೇರು ಕಾರ್ಖಾನೆಯಲ್ಲಿದೆ ಅಂದ್ರೆ ಆಶ್ಚರ್ಯ ಆಗಬಹುದು.

ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ವಾರಕ್ಕೆ 70 ಗಂಟೆ ಮೀರಿ ದುಡಿಸುತ್ತಿದ್ದರು. 1915ರಲ್ಲಿ ಸರ್ಕಾರ ಅಲ್ಲಿನ ಕಾರ್ಮಿಕರ ಆರೋಗ್ಯದ ಬಗ್ಗೆ ಒಂದು ಸಮಿತಿ ಮಾಡಿತು. ಅದಕ್ಕಾಗಿ ಎಚ್.ಎಂ. ವೆರ್ನನ್ ಎಂಬ ಶರೀರಶಾಸ್ತ್ರಜ್ಞ ಕೆಲಸದ ಗಂಟೆ ಮತ್ತು ಉತ್ಪಾದನೆಯನ್ನು ಪಕ್ಕಪಕ್ಕ ಬರೆದಿಟ್ಟರು. ಗಂಟೆ ಇಳಿಸಿದಾಗ ಉತ್ಪಾದನೆ ಬೀಳಲಿಲ್ಲ, ಕೆಲವು ಕಡೆ ಏರಿತು. ನೂರು ವರ್ಷದ ನಂತರ ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕಾವೆಲ್ ಅದೇ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿದರು. ವಾರಕ್ಕೆ 49 ಗಂಟೆಯವರೆಗೆ, ದುಡಿದಷ್ಟು ಉತ್ಪಾದನೆ. ಅದು ದಾಟಿದ ಮೇಲೆ ಪ್ರತಿ ಗಂಟೆಯ ಫಲ ಇಳಿಯುತ್ತಾ ಹೋಗುತ್ತದೆ. 70 ಗಂಟೆ ದುಡಿದರೆ ಬರುವ ಮಾಲು, 56 ಗಂಟೆ ದುಡಿದರೆ ಬರುವುದಕ್ಕಿಂತ ಹೆಚ್ಚೇನಿಲ್ಲ. 2023ರಲ್ಲಿ ಇನ್ಫೋಸಿಸ್ ಸಹಸಂಸ್ಥಾಪಕ ನಾರಾಯಣ ಮೂರ್ತಿ ಅವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ಎದ್ದ ಗದ್ದಲ ನೆನಪಿದೆಯಲ್ಲ? ಆ 70ಕ್ಕೆ ನೂರು ವರ್ಷದ ಹಿಂದೆಯೇ ಕಾರ್ಖಾನೆಯ ಲೆಡ್ಜರಿನಲ್ಲಿ ಉತ್ತರ ಬರೆದಿತ್ತು. ಅದು ಯುದ್ಧಕಾಲದ ಯಂತ್ರಗಳ ಲೆಕ್ಕ, ಎಲ್ಲ ಕೆಲಸಕ್ಕೂ ಹಾಗೇ ಹೊಂದುವುದಿಲ್ಲ ಎನ್ನಬಹುದು. ಸರಿ. ಆದರೆ ಕಾಮಾಕ್ಷಿಪಾಳ್ಯದ ಟರ್ನರ್ ಮಾಡುವ ಕೆಲಸ ಅದಕ್ಕೆ ತೀರಾ ದೂರದ್ದೇನಲ್ಲ.

ಅಮೆರಿಕದಲ್ಲೂ ಇದೇ ಕಥೆ. ವ್ಯಾಯಾಮ ಶರೀರಶಾಸ್ತ್ರದ ತವರುಮನೆ ಅನ್ನಿಸಿಕೊಂಡ ಹಾರ್ವರ್ಡ್ ಫೆಟೀಗ್ ಲ್ಯಾಬೊರೇಟರಿ 1927ರಲ್ಲಿ ಶುರುವಾಗಿದ್ದು ಬಿಸಿನೆಸ್ ಸ್ಕೂಲಿನ ನೆಲಮಾಳಿಗೆಯಲ್ಲಿ, ಕೈಗಾರಿಕೆಯ ದಣಿವನ್ನು ಅರಿಯಲು. 1931ರ ಬೇಸಿಗೆಯಲ್ಲಿ ಹೂವರ್ ಅಣೆಕಟ್ಟೆಯ ಕೆಲಸದಲ್ಲಿ ಒಂದೇ ತಿಂಗಳಲ್ಲಿ 16 ಕಾರ್ಮಿಕರು ಬಿಸಿಲಿನ ಝಳಕ್ಕೆ ಸತ್ತರು. ಮರುವರ್ಷ ಲ್ಯಾಬಿನ ವಿಜ್ಞಾನಿಗಳು ಅಲ್ಲಿಗೆ ಹೋಗಿ, ಬೆವರಿನಲ್ಲಿ ಹೋಗುವ ಉಪ್ಪನ್ನು ಅಳೆದು, ನೀರಿನ ಜೊತೆ ಉಪ್ಪೂ ಬೇಕು ಎಂದು ಸಲಹೆ ಕೊಟ್ಟರು. ಇವತ್ತಿನ ಸ್ಪೋರ್ಟ್ಸ್ ಡ್ರಿಂಕ್ ಬಾಟಲಿಯಲ್ಲಿರೋದು ಅದೇ ತಿಳಿವಳಿಕೆ. ಆದರೆ ಅವರು ಹೋಗುವ ಮೊದಲೇ, 1931ರ ಆಗಸ್ಟ್‌ನಲ್ಲಿ, ಅಲ್ಲಿನ ಕಾರ್ಮಿಕರು ಮುಷ್ಕರ ಹೂಡಿದ್ದರು. ಬೇಡಿಕೆಗಳ ಪಟ್ಟಿಯಲ್ಲಿ ಶುದ್ಧ ನೀರು, ತಣ್ಣನೆಯ ನೀರು ಇತ್ತು. ಮುಷ್ಕರವನ್ನು ಮುರಿದರು. ವಿಜ್ಞಾನ ಬಂದು ಹೇಳಿದ್ದರಲ್ಲಿ ಬಹುಪಾಲನ್ನು ದಣಿದವರು ಮೊದಲೇ ಹೇಳಿದ್ದರು.

ಆಮೇಲೆ ಈ ವಿಜ್ಞಾನ ಸೈನ್ಯದ ಕಡೆ ಹೋಯಿತು, ಅಲ್ಲಿಂದ ಒಲಿಂಪಿಕ್ಸ್, ಕ್ಲಬ್ ಫುಟ್‌ಬಾಲ್, ಐಪಿಎಲ್ ಕಡೆ. ದುಡ್ಡಿದ್ದ ಕಡೆ ಹರಿಯಿತು. ಕಾರ್ಖಾನೆಗೆ ವಾಪಸ್ ಬಂದದ್ದು ಕಡಿಮೆ.

59 ಗಂಟೆಯ ವಾರ

ಇನ್ನು ನಮ್ಮ ಕಾನೂನು. 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ಬಿಡುವು ಕಡ್ಡಾಯ. 2023ರಲ್ಲಿ ಕರ್ನಾಟಕ ಇದಕ್ಕೆ ತಿದ್ದುಪಡಿ ತಂದಿತು. ಕಾರ್ಮಿಕರ ಲಿಖಿತ ಒಪ್ಪಿಗೆಯಿದ್ದರೆ ದಿನದ ಕೆಲಸವನ್ನು ಬಿಡುವು ಸೇರಿ 12 ಗಂಟೆಯವರೆಗೆ ಎಳೆಯಬಹುದು. ಬಿಡುವಿಲ್ಲದೆ ಒಂದೇ ಸಮ ದುಡಿಸುವ ಅವಧಿ 6 ಗಂಟೆಗೆ ಏರಬಹುದು. ಮೂರು ತಿಂಗಳ ಓಟಿ ಮಿತಿ 75 ಗಂಟೆಯಿಂದ 144 ಗಂಟೆಗೆ ಹೋಯಿತು. ಫೆಬ್ರವರಿಯಲ್ಲಿ ಆಗಿನ ಬಿಜೆಪಿ ಸರ್ಕಾರ ಪಾಸು ಮಾಡಿದ ತಿದ್ದುಪಡಿ ಇದು. ಆಮೇಲೆ ಬಂದ ಕಾಂಗ್ರೆಸ್ ಸರ್ಕಾರ 2025ರಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳಿಗೂ 10 ಗಂಟೆಯ ದಿನದ ಪ್ರಸ್ತಾವ ಮುಂದಿಟ್ಟಿತು. ಗಂಟೆ ಏರಿಸುವ ವಿಷಯದಲ್ಲಿ ಎರಡೂ ಪಕ್ಷಗಳ ಕಾಲು ಒಂದೇ ದಿಕ್ಕಿಗೆ.

'ವಾರಕ್ಕೆ 48 ಗಂಟೆ ಹಾಗೇ ಇದೆಯಲ್ಲ, ನಾಲ್ಕು ದಿನ ದುಡಿದು ಮೂರು ದಿನ ರಜೆ ತಗೊಳ್ಳಿ' ಅನ್ನೋದು ಸಮರ್ಥನೆ. ಮೇಲೆ ಹೇಳಿದ ರಜ್ಜುವಿನ ಲೆಕ್ಕ ನೆನಪಿಸಿಕೊಳ್ಳಿ. 8 ಗಂಟೆಯ ಆರು ದಿನವೂ 12 ಗಂಟೆಯ ನಾಲ್ಕು ದಿನವೂ ಕಾಗದದ ಮೇಲೆ ಒಂದೇ ಮೊತ್ತ. ದೇಹಕ್ಕೆ ಒಂದೇ ಅಲ್ಲ. ಬೌಲರ್‌ಗೆ ಇಡೀ ಸರಣಿಯ ಓವರನ್ನು ಎರಡೇ ಟೆಸ್ಟ್‌ನಲ್ಲಿ ಎಸೆದು ಉಳಿದದ್ದಕ್ಕೆ ಮಲಗು ಎಂದು ಯಾವ ಕೋಚೂ ಹೇಳುವುದಿಲ್ಲ.

ಓಟಿ ಸೇರಿಸಿ ನೋಡಿ. ಮೂರು ತಿಂಗಳು ಅಂದರೆ 13 ವಾರ. 144 ಗಂಟೆಯನ್ನು ಹಂಚಿದರೆ ವಾರಕ್ಕೆ 11. 48 ಮತ್ತು 11, ಒಟ್ಟು 59. ಪೆನ್‌ಕಾವೆಲ್ ಲೆಕ್ಕದಲ್ಲಿ ಗಂಟೆಯ ಫಲ ಇಳಿಯಲು ಶುರುವಾಗುವ 49ನ್ನು ದಾಟಿ, ಹೆಚ್ಚು ದುಡಿದರೂ ಹೆಚ್ಚೇನೂ ಸಿಗದ 56ನ್ನೂ ದಾಟಿ ನಾವು ನಿಂತಿದ್ದೇವೆ, ಕಾನೂನುಬದ್ಧವಾಗಿ.

ಹೆಣ್ಣುಮಕ್ಕಳ ಲೆಕ್ಕ ಇನ್ನೂ ಬೇರೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಗಂಡಸರು 97 ನಿಮಿಷ. ಗಾರ್ಮೆಂಟ್ಸ್‌ನಿಂದ ಮನೆಗೆ ಬಂದವಳಿಗೆ ಚೇತರಿಕೆಯ ಅವಧಿ ಅನ್ನೋದು ಎಲ್ಲಿದೆ? ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇತ್ತು. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆಯಾದರೆ ಆಮ್ಲಜನಕ ಸಾಗಿಸುವ ಶಕ್ತಿ ಕುಗ್ಗುತ್ತದೆ, ಅದೇ ಮೆಟ್ಟಿಲು ಹತ್ತಲು ಎದೆ ಹೆಚ್ಚು ಬಡಿಯಬೇಕು. 1979ರಲ್ಲಿ ಇಂಡೋನೇಷ್ಯಾದ ರಬ್ಬರ್ ತೋಟದ ಕೂಲಿಗಳ ಮೇಲೂ ಶ್ರೀಲಂಕಾದ ಚಹಾ ತೋಟದ ಹೆಂಗಸರ ಮೇಲೂ ಪ್ರಕಟವಾದ ಅಧ್ಯಯನಗಳಲ್ಲಿ, ರಕ್ತಹೀನತೆ ಇದ್ದವರಿಗೆ ಕಬ್ಬಿಣಾಂಶ ಕೊಟ್ಟ ಮೇಲೆ ಅವರ ಕೆಲಸದ ಪ್ರಮಾಣ ಏರಿತು. 'ಸೋಮಾರಿ' ಅಂತ ಬೈಸಿಕೊಂಡ ಎಷ್ಟೋ ಮೈಗಳಿಗೆ ಬೇಕಿದ್ದದ್ದು ಕಬ್ಬಿಣ.

ಇನ್ನೂ ಒಂದು ತೊಡಕಿದೆ. ಕಾರ್ಖಾನೆ ಕಾಯ್ದೆ ಅನ್ವಯಿಸುತ್ತಿದ್ದುದು ವಿದ್ಯುತ್ ಬಳಸುವ ಕಡೆ 10 ಜನ ಇದ್ದರೆ. ಕೇಂದ್ರ ಸರ್ಕಾರ 2025ರ ನವೆಂಬರ್ 21ರಂದು ಜಾರಿಗೆ ತಂದ ಔದ್ಯೋಗಿಕ ಸುರಕ್ಷತೆ ಸಂಹಿತೆಯಲ್ಲಿ 'ಕಾರ್ಖಾನೆ' ಅನ್ನಿಸಿಕೊಳ್ಳಲು ಬೇಕಾದ ಸಂಖ್ಯೆ 20. ಕಾಮಾಕ್ಷಿಪಾಳ್ಯದಂಥ ಕಡೆ ನಾಲ್ಕು ಮೆಷಿನ್, ಎಂಟು ಜನರ ಶೆಡ್ಡುಗಳು ಎಷ್ಟಿವೆ ಅಂತ ಆ ಕಡೆ ಓಡಾಡಿದವರಿಗೆ ಗೊತ್ತು. ಅಂಥ ಶೆಡ್ಡು ಕಾರ್ಖಾನೆಯ ಲೆಕ್ಕಕ್ಕೇ ಬರುವುದಿಲ್ಲ.

ಚೇತರಿಕೆಯನ್ನು ಅಂಗಡಿಯಲ್ಲಿ ಕೊಳ್ಳಬಹುದೇ?

ಬಿಡುವು ಸಿಗದ ಕಡೆ ಅದರ ಬದಲಿಗೆ ಏನೇನೋ ಮಾರಾಟಕ್ಕೆ ಬರುತ್ತದೆ. ಜಿಮ್ಮಿಗೆ ಹೋಗುವ ಹುಡುಗರಿಗೆ ರಿಕವರಿ ಪುಡಿ, ಐಸ್ ಸ್ನಾನ. ದುಡಿಯುವವರಿಗೆ ಮೆಡಿಕಲ್ ಶಾಪಿನ ನೋವಿನ ಮಾತ್ರೆ.

ಐಸ್ ಸ್ನಾನದಿಂದ ನೋವು ತುಸು ಕಡಿಮೆ ಅನ್ನಿಸಬಹುದು. ಆದರೆ 2015ರಲ್ಲಿ ಪ್ರಕಟವಾದ 12 ವಾರಗಳ ಪ್ರಯೋಗದಲ್ಲಿ, ಪ್ರತಿ ಸಲ ಭಾರ ಎತ್ತಿದ ಮೇಲೆ ತಣ್ಣೀರಲ್ಲಿ ಕೂತವರ ಸ್ನಾಯು ಮತ್ತು ಬಲ, ಹಗುರವಾಗಿ ಸೈಕಲ್ ತುಳಿದವರಿಗಿಂತ ಕಡಿಮೆ ಬೆಳೆಯಿತು. ನೋವಿನ ಮಾತ್ರೆಯದ್ದೂ ಹಾಗೇ. ಸ್ವೀಡನ್ನಿನ ಕರೋಲಿನ್ಸ್ಕಾ ಸಂಸ್ಥೆಯ ಪ್ರಯೋಗದಲ್ಲಿ ಎಂಟು ವಾರ ದಿನಾ 1,200 ಮಿಲಿಗ್ರಾಂ ಐಬುಪ್ರೊಫೆನ್ ನುಂಗಿ ವ್ಯಾಯಾಮ ಮಾಡಿದ ಯುವಕ ಯುವತಿಯರ ಸ್ನಾಯು ಬೆಳವಣಿಗೆ, ಕಡಿಮೆ ಪ್ರಮಾಣದ ಆಸ್ಪಿರಿನ್ ತೆಗೆದುಕೊಂಡವರ ಅರ್ಧದಷ್ಟಿತ್ತು. ಉರಿಯೂತ ಅನ್ನೋದು ರಿಪೇರಿ ಕೆಲಸದ ಸದ್ದು. ಸದ್ದು ಅಡಗಿಸಿದರೆ ಕೆಲಸ ಮುಗಿದಂತಲ್ಲ.

ಪುಡಿಗಳ ಬಗ್ಗೆ ನಮ್ಮದೇ ಉದಾಹರಣೆ ಇದೆ. ಕುಂದಾಪುರ ಸೀಮೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಮತ್ತು ರಿಲೇಯಲ್ಲಿ ಎರಡು ಚಿನ್ನ ಗೆದ್ದರು. ಮರುವರ್ಷ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಓಟಗಾರ್ತಿಯರಲ್ಲಿ ಅವರೂ ಇದ್ದರು. ಕೋಚ್ ಕೊಟ್ಟ ಜಿನ್‌ಸೆಂಗ್ ಪೂರಕದಿಂದ ಹೀಗಾಯಿತು ಎಂದು ಅವರು ಹೇಳಿದರು. ಉಕ್ರೇನಿನ ಆ ಕೋಚ್‌ನನ್ನು ಕೆಲಸದಿಂದ ತೆಗೆದರು. ಒಂದು ವರ್ಷದ ನಿಷೇಧವನ್ನು 2012ರಲ್ಲಿ ಕ್ರೀಡಾ ನ್ಯಾಯಮಂಡಳಿ ಎರಡು ವರ್ಷಕ್ಕೆ ಏರಿಸಿತು. ರಾಷ್ಟ್ರೀಯ ಶಿಬಿರದಲ್ಲಿದ್ದವರಿಗೇ ಡಬ್ಬಿಯೊಳಗೆ ಏನಿದೆ ಅಂತ ಖಚಿತವಿರಲಿಲ್ಲ ಅಂದಮೇಲೆ, ಗಲ್ಲಿಯ ಜಿಮ್ಮಿನಲ್ಲಿ ಲೇಬಲ್ ಕಿತ್ತುಹೋದ ಡಬ್ಬಿಯನ್ನು ನಂಬೋದು ಹೇಗೆ?

ದುಡ್ಡು ಬೇಡದ ವಿಜ್ಞಾನ

ಸಂಶೋಧನೆಯಲ್ಲಿ ಗಟ್ಟಿಯಾಗಿ ನಿಂತಿರುವ ಉಪಾಯಗಳಲ್ಲಿ ಹೆಚ್ಚಿನವು ಅಗ್ಗ. ನಿದ್ದೆಯಿಂದ ಶುರು ಮಾಡೋಣ. ಅಮೆರಿಕದ 112 ಹದಿಹರೆಯದ ಆಟಗಾರರ ಅಧ್ಯಯನದಲ್ಲಿ ರಾತ್ರಿ 8 ಗಂಟೆಗಿಂತ ಕಡಿಮೆ ಮಲಗುವವರಿಗೆ ಗಾಯದ ಸಾಧ್ಯತೆ 1.7 ಪಟ್ಟು ಇತ್ತು. ಸ್ಟ್ಯಾನ್‌ಫರ್ಡ್‌ನ ಬಾಸ್ಕೆಟ್‌ಬಾಲ್ ಆಟಗಾರರು ಕೆಲವು ವಾರ ಹೆಚ್ಚು ಮಲಗಿದಾಗ ಗುರಿಯೂ ಸುಧಾರಿಸಿತು, ಓಟವೂ ಚುರುಕಾಯಿತು. ಅಲ್ಲಿದ್ದವರು ಬರೀ 11 ಜನ, ಹಾಗಾಗಿ ಅದನ್ನು ಸುಳಿವು ಅಂತಷ್ಟೇ ತೆಗೆದುಕೊಳ್ಳಿ.

ಆಟಕ್ಕೆ ಮುನ್ನ ಮೈ ಬಿಸಿ ಮಾಡುವ ಕ್ರಮದ್ದು ಗಟ್ಟಿ ಪುರಾವೆ. ಫಿಫಾ ರೂಪಿಸಿದ '11 ಪ್ಲಸ್' ಎಂಬ 20 ನಿಮಿಷದ ಕ್ರಮದಲ್ಲಿ ಹಗುರ ಓಟ, ಒಂಟಿ ಕಾಲಿನ ಸಮತೋಲನ, ಜಿಗಿದು ಸರಿಯಾಗಿ ಇಳಿಯುವುದು, ತೊಡೆ ಹೊಟ್ಟೆಗಳ ಬಲ ಎಲ್ಲ ಸೇರಿವೆ. ನಾರ್ವೆಯ 1,892 ಬಾಲಕಿಯರ ಮೇಲೆ ಇದನ್ನು ಪರೀಕ್ಷಿಸಿದಾಗ ಒಟ್ಟು ಗಾಯಗಳು ಸುಮಾರು ಮೂರನೇ ಒಂದು ಪಾಲು ಕಡಿಮೆಯಾದವು. ತೊಡೆಯ ಹಿಂಭಾಗದ ಸೆಳೆತಕ್ಕೆ 'ನಾರ್ಡಿಕ್' ವ್ಯಾಯಾಮ ಇದೆ. ಮಂಡಿಯೂರಿ ನಿಲ್ಲಬೇಕು, ಗೆಳೆಯ ಹಿಂದಿನಿಂದ ಪಾದದ ಗಂಟು ಹಿಡಿದುಕೊಳ್ಳಬೇಕು, ಮೈಯನ್ನು ಆದಷ್ಟು ನಿಧಾನ ಮುಂದಕ್ಕೆ ಬಾಗಿಸುತ್ತಾ ಹೋಗಬೇಕು. 8,459 ಆಟಗಾರರ ಮಾಹಿತಿ ಸೇರಿಸಿದ 2019ರ ವಿಶ್ಲೇಷಣೆಯಲ್ಲಿ ಈ ಒಂದು ವ್ಯಾಯಾಮ ಹ್ಯಾಮ್‌ಸ್ಟ್ರಿಂಗ್ ಗಾಯವನ್ನು ಅರ್ಧಕ್ಕೆ ಇಳಿಸಿತ್ತು. ಬೇಕಾಗಿರೋದು ಒಬ್ಬ ಗೆಳೆಯ ಮತ್ತು ಮಂಡಿ ಕೆಳಗೆ ಒಂದು ಬಟ್ಟೆ. ಭಾನುವಾರ ಕ್ರಿಕೆಟ್ಟು, ಕಬಡ್ಡಿ ಆಡೋರು ವಾರಕ್ಕೆರಡು ಸಲ ಮಾಡಿ ನೋಡಿ, ಮೊದಲ ವಾರವೇ ಹೆಚ್ಚು ಮಾಡಬೇಡಿ. ವಾರಗಟ್ಟಲೆ ಹೋಗದ ನೋವು, ರಾತ್ರಿ ಎಬ್ಬಿಸುವ ನೋವು, ಎದೆಯ ನೋವು ಇದ್ದರೆ ಡಾಕ್ಟರ ಬಳಿ ಹೋಗಿ, ಯೂಟ್ಯೂಬ್ ಬಳಿ ಅಲ್ಲ.

ಅಗ್ಗ ಅಂದೆ, ನಿಜ. ಆದರೆ 8 ಗಂಟೆ ನಿದ್ದೆ ದುಬಾರಿ. 12 ಗಂಟೆಯ ಪಾಳಿ, ಹೋಗಿಬರೋಕೆ ಮಾಗಡಿ ರಸ್ತೆಯ ಟ್ರಾಫಿಕ್ಕು, ಅಡುಗೆ, ನೀರು, ಮಕ್ಕಳು ಎಲ್ಲ ಕಳೆದರೆ ಉಳಿಯೋದು ಎಷ್ಟು? 20 ನಿಮಿಷದ ವಾರ್ಮ್ ಅಪ್ ಮಾಡಲು ಬೇಲಿ ಹಾಕದ ಮೈದಾನ ಬೇಕು. ಆದ್ದರಿಂದ 'ಸ್ವಂತ ಆರೋಗ್ಯ ನೋಡಿಕೊಳ್ಳಿ' ಅನ್ನೋ ಉಪದೇಶಕ್ಕೆ ಕೇಳಬೇಕಾದ ಮರುಪ್ರಶ್ನೆ: ಯಾವ ಹೊತ್ತಿನಲ್ಲಿ, ಯಾವ ಜಾಗದಲ್ಲಿ?

ಚೇತರಿಕೆಯನ್ನು ಹಕ್ಕಾಗಿ ಬರೆದಿಟ್ಟ ವ್ಯವಸ್ಥೆ ನಮ್ಮಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಕಾಮಾಕ್ಷಿಪಾಳ್ಯದ ಪಕ್ಕದ ರಾಜಾಜಿನಗರದಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ಇಎಸ್‌ಐ ವಿಮೆ ಇರುವ ಕಾರ್ಮಿಕರಿಗೆ, ವಂತಿಗೆಯ ಷರತ್ತು ಪೂರೈಸಿದ್ದರೆ, ಡಾಕ್ಟರು ಸರ್ಟಿಫಿಕೇಟ್ ಕೊಟ್ಟ ಕಾಯಿಲೆ ರಜೆಗೆ ವರ್ಷಕ್ಕೆ 91 ದಿನಗಳವರೆಗೆ ಶೇ. 70ರಷ್ಟು ಕೂಲಿ ಸಿಗುತ್ತದೆ. ಬಡವರ ವರ್ಕ್‌ಲೋಡ್ ಮ್ಯಾನೇಜ್‌ಮೆಂಟ್ ಅಂದರೆ ಇದೇ. ಆದರೆ ಸಂಬಳ ತಿಂಗಳಿಗೆ 21,000 ರೂಪಾಯಿ ದಾಟಿದರೆ ಹೊರಗೆ. ಆ ಮಿತಿ 2017ರಲ್ಲಿ ನಿಗದಿಯಾದದ್ದು. ಹತ್ತು ಜನರಿಲ್ಲದ ಶೆಡ್ಡಿನವರು ಬಹುತೇಕ ಮೊದಲಿನಿಂದಲೂ ಹೊರಗೇ.

ಹಾಗಾಗಿ ಬೇಡಿಕೆಗಳು ತೀರಾ ಕ್ರಾಂತಿಕಾರಿಯೇನೂ ಆಗಬೇಕಿಲ್ಲ. ಸಣ್ಣ ಶೆಡ್ಡುಗಳಿಗೂ ಇಎಸ್‌ಐ ಬರಲಿ. ಪಾಳಿಯ ನಡುವೆ ಕೂರಲು ಜಾಗ, ಕುಡಿಯಲು ತಣ್ಣೀರು, ಗಂಟೆಗೊಮ್ಮೆ ಐದು ನಿಮಿಷ ಬೆನ್ನು ನೆಟ್ಟಗೆ ಮಾಡುವ ಬಿಡುವು ಇರಲಿ. ಓಟಿಯ ಲೆಕ್ಕ ಕಾರ್ಮಿಕರಿಗೂ ಕಾಣುವ ಹಾಗೆ ಗೋಡೆ ಮೇಲೆ ಇರಲಿ. ಜ್ಞಾನಭಾರತಿಯ ಆವರಣದಲ್ಲಿ ಸರ್ಕಾರದ ದುಡ್ಡಿನಲ್ಲಿ ಬೆಳೆದ ತಿಳಿವಳಿಕೆ ಸುತ್ತಲಿನ ಸರ್ಕಾರಿ ಶಾಲೆಗಳ ಪಿಟಿ ಮೇಷ್ಟ್ರಿಗೂ ಇಎಸ್‌ಐ ಡಾಕ್ಟರುಗಳಿಗೂ ತಲುಪಲಿ.

12 ಗಂಟೆಯ ದಿನಕ್ಕೆ ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕು ಎಂದು 2023ರ ತಿದ್ದುಪಡಿಯೇ ಹೇಳಿದೆ. ಮೇಸ್ತ್ರಿ ಮುಂದೆ ಪೆನ್ನು ಹಿಡಿದು ಒಬ್ಬರೇ ನಿಂತಾಗ ಆ ಸಹಿ ಬಿದ್ದೇ ಬೀಳುತ್ತದೆ, ಮನೆ ಬಾಡಿಗೆ ಕಟ್ಟಬೇಕಲ್ಲ. ಹತ್ತು ಜನ ಒಟ್ಟಿಗೆ ನಿಂತು, ದೇಹಕ್ಕೆ ಎಷ್ಟು ಗಂಟೆ ಬಿಡುವು ಬೇಕು ಅನ್ನೋ ಲೆಕ್ಕ ತಿಳಿದುಕೊಂಡು ಕೇಳಿದರೆ ಅದೇ ಕಾಗದದ ಮೇಲೆ ಚೌಕಾಸಿ ಶುರುವಾಗಬಹುದು. ಆ ಲೆಕ್ಕವನ್ನು ಅವರವರೆಗೆ ಮುಟ್ಟಿಸುವ ಕೆಲಸ ನಮ್ಮ ನಿಮ್ಮಂಥ ಓದಿದವರದ್ದೂ ಹೌದು.